ಬಾಣಂತಿ ಕೋಣೆಯ ಕೆಂಡ

ಅಡುಗೆಮನೆಯ ಗಾಳಿ ಅಳೆಯುವ ಮೀಟರನ್ನು ಎಲ್ಲೆಂದರಲ್ಲಿ ನೇತುಹಾಕುವಂತಿಲ್ಲ. ಒಲೆಯಿಂದ ಎರಡು ಮೊಳದಷ್ಟು ದೂರವಿರಬೇಕು, ಕೂತು ಮುದ್ದೆ ತಿರುವುವ ಹೆಂಗಸಿನ ಮೂಗಿನ ಮಟ್ಟಕ್ಕಿರಬೇಕು, ಬಾಗಿಲು ಕಿಟಕಿಗಳ ಹತ್ತಿರ ಇರಬಾರದು. ನೇತುಹಾಕುವ ಮುಂಚೆ ಅಂಗಳದ ತಿಳಿಗಾಳಿಯಲ್ಲಿ ಹಿಡಿದು ಸೊನ್ನೆಗೆ ತರಬೇಕು. ಆಮೇಲೆ ಮನೆಯವರಿಗೆ ಹೇಳಬೇಕು: ದಿನಾ ಹೇಗೆ ಅಡುಗೆ ಮಾಡುತ್ತೀರೋ ಹಾಗೇ ಮಾಡಿ, ನಮಗೋಸ್ಕರ ಗ್ಯಾಸ್ ಹಚ್ಚಬೇಡಿ, ಮೀಟರಿಗೆ ಕುಂಕುಮ ಇಡಬೇಡಿ. ಕುಂಕುಮದ ಮಾತು ತಮಾಷೆಯದಲ್ಲ. ಗೊರವನಹಳ್ಳಿ ಕಡೆಯ ಒಂದು ಮನೆಯಲ್ಲಿ ಶುಕ್ರವಾರದ ಪೂಜೆಯ ಜೊತೆಗೆ ನಮ್ಮ ಮೀಟರಿಗೂ ಪೂಜೆಯಾಗಿ, ಗಾಳಿ ಹೋಗುವ ತೂತಿಗೇ ಕುಂಕುಮ ಬಿದ್ದು, ಆ ದಿನದ ಅಳತೆ ಗೋತಾ ಹೊಡೆದಿತ್ತು. ಈ ಕಥೆಯನ್ನು ನಾನು ಹೋದಲ್ಲೆಲ್ಲ ಹೇಳಿ ನಗುತ್ತಿದ್ದೆ. ಹಳ್ಳಿಯವರ ತಪ್ಪು ಹೇಳಿ ನಗುವುದು ನಮ್ಮಂಥವರಿಗೆ ಬಲು ಸುಲಭ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿ ನಮ್ಮ ಸಂಸ್ಥೆ ಹೊಸ ಸೌದೆ ಒಲೆ ಹಾಕಿಸುತ್ತಿತ್ತು. ಗ್ಯಾಸ್ ಎಲ್ಲರ ಮನೆಗೂ ಬಂದಿದೆಯಲ್ಲ ಅನ್ನಬೇಡಿ. ಬಂದಿದೆ, ಕಾಫಿಗೆ, ನೆಂಟರು ಬಂದಾಗಿನ ಉಪ್ಪಿಟ್ಟಿಗೆ. ಮುದ್ದೆಗೆ, ಹುರುಳಿ ಬೇಯಿಸಲು, ಮೀಯುವ ನೀರಿಗೆ ಇವತ್ತಿಗೂ ಜಾಲಿ, ಹುಣಸೆ ಸೌದೆಯೇ ಗತಿ. ನಮ್ಮ ಒಲೆ ಆ ಸೌದೆಯನ್ನೇ ಚೊಕ್ಕವಾಗಿ ಉರಿಸುತ್ತಿತ್ತು. ಇಟ್ಟಿಗೆಯ ಕಟ್ಟು, ಒಳಗೆ ಉಕ್ಕಿನ ಗೂಡು, ಸೂರಿನಾಚೆಗೆ ಹೊಗೆಯ ಕೊಳವೆ, ಬುಡದಲ್ಲಿ ಕೆಂಡ ಉದುರುವ ಒಂದು ತಟ್ಟೆ. ತಟ್ಟೆಯನ್ನು ಹೊರಗೆಳೆದು ಕೆಂಡಕ್ಕೆ ನೀರು ಚಿಮುಕಿಸಿದರೆ ಒಳ್ಳೆಯ ಇದ್ದಿಲು. ಒಲೆ ಬೇಡ ಅನ್ನುವವರಿಗೂ ಈ ಇದ್ದಿಲಿನ ಆಸೆ ತೋರಿಸಿ ಒಪ್ಪಿಸುತ್ತಿದ್ದೆವು.

ಒಲೆ ಕಟ್ಟುವವರು ಬೇರೆ ಇದ್ದರು. ಊರಿನ ಹೆಂಗಸರನ್ನು ಕೂರಿಸಿಕೊಂಡು ಹೊಗೆಯ ಕೇಡು ತಿಳಿಸುವುದು, ಒಲೆ ಬಂದ ಮೇಲೆ ಅಡುಗೆಮನೆಯ ಗಾಳಿ ಅಳೆಯುವುದು ನನ್ನ ಪಾಲಿನ ಕೆಲಸ. ಅಳತೆಗಿಂತ ಮಾತಿನಲ್ಲಿ ನಾನು ಜೋರು. ಕಚೇರಿಯಿಂದ ಕೊಟ್ಟಿದ್ದ ಪಾಠ ಉದ್ದವಾಗಿತ್ತು: ಹೊಗೆ ಕಡಿಮೆ ಮಾಡಿ, ಕಿಟಕಿ ತೆರೆದಿಡಿ, ಬೆಂಕಿ ಇರುವ ಕೋಣೆಯನ್ನು ಎಂದೂ ಮುಚ್ಚಬೇಡಿ, ಹೊಗೆಯಿಲ್ಲದ ಕೆಂಡವೂ ಕಣ್ಣಿಗೆ ಕಾಣದ ವಿಷಗಾಳಿ ಬಿಡುತ್ತದೆ. ಕೆಂಡದ ಮಾತು ಬರುವಷ್ಟರಲ್ಲಿ ಹೆಂಗಸರು ಆಕಳಿಸುತ್ತಿದ್ದರು; ಅರ್ಧ ಜನ ಹಾಲು ಕರೆಯಲು ಎದ್ದು ಹೋಗುತ್ತಿದ್ದರು. ಅದಕ್ಕೇ ನಾನು ಪಾಠವನ್ನು ಕತ್ತರಿಸಿ ಒಂದೇ ಮಾತು ಮಾಡಿಕೊಂಡೆ: "ಹೊಗೆ ಕಾಣದಿದ್ರೆ ಹೆದರ್ಬೇಡಿ." ಹಳೆಯ ಒಲೆಯ ಮಸಿ ಹಿಡಿದ ಪಾತ್ರೆ ಒಂದು ಕೈಯಲ್ಲಿ, ಹೊಸ ಒಲೆಯ ಬೆಳ್ಳನೆ ಪಾತ್ರೆ ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದು ಹೀಗೆಂದರೆ ಚಪ್ಪಾಳೆ ಬೀಳುತ್ತಿತ್ತು. ತಿರುಮಣಿ ಕಡೆ ಅದು ತೆಲುಗಿಗೂ ತಿರುಗಿತು. ನನ್ನನ್ನು ಕಂಡ ಕೂಡಲೇ ಅಲ್ಲಿನ ಹೆಂಗಸರು "ಪೊಗ ಲೇದಾ, ಭಯಂ ಲೇದು" ಎಂದು ಕೂಗುತ್ತಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ.

ಪುರವರದ ಹತ್ತಿರದ ಹಳ್ಳಿಯೊಂದರಲ್ಲಿ ನಮ್ಮ ಮಾದರಿ ಮನೆ ಇತ್ತು. ಬೆಂಗಳೂರಿನಿಂದ ಯಾರೇ ನೋಡಲು ಬಂದರೂ ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆವು. ಆ ಮನೆಯ ಹಿರಿಯಾಕೆಯನ್ನು ನಾನು ದೊಡ್ಡಮ್ಮ ಅನ್ನುತ್ತಿದ್ದೆ. ಮಗ, ಸೊಸೆ ಜೊತೆಯಲ್ಲಿದ್ದರು. ಊರಿನಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಅದಕ್ಕೆ ನೀರು ಎರೆಯಲು ದೊಡ್ಡಮ್ಮನೇ ಬರಬೇಕು. ಕಾಲು ನೀಡಿ ಕೂತು, ಕೂಸನ್ನು ಕಣಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತೀಡಿ ಬಿಸಿನೀರು ಹುಯ್ಯುತ್ತಿದ್ದರೆ ಎಂಥ ಹಟಮಾರಿ ಕೂಸೂ ತಣ್ಣಗಾಗುತ್ತಿತ್ತಂತೆ. ಆ ಕೈಯ ಮೇಲೆ ಊರಿಗೆ ಅಷ್ಟು ನಂಬಿಕೆ. ಶಿರಾ ಕಡೆಗೆ ಮದುವೆ ಮಾಡಿ ಕೊಟ್ಟಿದ್ದ ಮಗಳು ಆ ಮಾಗಿಯಲ್ಲಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು.

ಕೂಸು ಹುಟ್ಟಿ ಸ್ವಲ್ಪ ದಿನಕ್ಕೆ ನಾನು ಮೀಟರ್ ಹಿಡಿದು ಹೋದೆ. ಚಳಿ ಕೊರೆಯುತ್ತಿತ್ತು. ದೊಡ್ಡಮ್ಮ ಬಾಗಿಲಲ್ಲೇ ಕೈ ಹಿಡಿದು ಒಳಗೆ ಎಳೆದುಕೊಂಡರು.

"ಬನ್ನಿ ಮೇಡಮ್ಮ, ನಿಮ್ ಒಲೆ ನೋಡ್ಬನ್ನಿ. ಗೋಡೆ ನೋಡಿ, ಸುಣ್ಣ ಹೊಡ್ದಿದ್ದು ಅಂಗೇ ಐತೆ."

"ಮಗಳು ಹೇಗಿದಾಳೆ ದೊಡ್ಡಮ್ಮ?"

"ಅವ್ಳೆ ಕಣವ್ವ. ವಸಿ ತಲೆನೋವು, ವಾಕರಿಕೆ ಅಂತಾಳೆ. ಶೀತ ಹತ್ತೈತೆ, ಇನ್ನೇನು. ವಸಿ ಬೆಚ್ಚಗೆ ಮಡುಗಿದ್ರೆ ಸರಿ ಹೋಯ್ತದೆ." ಆಮೇಲೆ ದನಿ ತಗ್ಗಿಸಿ, ಗುಟ್ಟು ಹೇಳುವವರ ಹಾಗೆ ಅಂದರು: "ನನ್ ಸೊಸೆ ಬಾಣಂತನದಾಗೆ ಲೋಬಾನ ಹಾಕಿ ರೂಮೆಲ್ಲ ಹೊಗೆ ಎಬ್ಬಿಸ್ತಿದ್ದೆ. ಈ ಸಲ ಬುಟ್ಬುಟ್ಟೆ. ನೀವು ಹೇಳಿದ್ರಲ್ಲ! ಬರೀ ಕೆಂಡ, ಅದೂ ನಿಮ್ ಒಲೇದೇ. ಹೊಗೆ ಒಂಚೂರೂ ಇಲ್ಲ ಕಣವ್ವ. ಅದಕ್ಕೇ ರವಷ್ಟು ಜಾಸ್ತೀನೆ ಮಡುಗ್ತೀನಿ."

"ಶಭಾಷ್ ದೊಡ್ಡಮ್ಮ! ನೀವು ಊರಿಗೇ ಪಾಠ ಹೇಳ್ಬೇಕು ಕಣ್ರೀ," ಅಂದೆ.

ಅವರು ಹುಡುಗಿಯ ಹಾಗೆ ನಾಚಿಕೊಂಡರು. ಗಾರೆ ಕೆಲಸದ ಬಾಂಡ್ಲಿಯಲ್ಲಿ ಹುಣಸೆ ಕೊರಡಿನ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಅದನ್ನು ಮಗಳ ಕೋಣೆಗೆ ಒಯ್ಯುವುದರಲ್ಲಿದ್ದವರನ್ನು ನಿಲ್ಲಿಸಿ ಒಂದು ಫೋಟೊ ತೆಗೆದೆ. ಲೋಬಾನ ಬಿಟ್ಟ ಅಜ್ಜಿ ಎಂದು ಕಚೇರಿಯ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಹೆಬ್ಬೆಟ್ಟುಗಳು, ಕೈಮುಗಿದ ಬೊಂಬೆಗಳು ಸಾಲುಸಾಲಾಗಿ ಬಂದವು. ಬಾಣಂತಿ ಕೋಣೆಯ ಬಾಗಿಲು ಮುಚ್ಚಿತ್ತು. ಬೀದಿಯಿಂದ ಬಂದವರು ಅಲ್ಲಿಗೆ ಹೋಗುವಂತಿರಲಿಲ್ಲ. ನನಗೆ ಹೋಗುವ ಕೆಲಸವೂ ಇರಲಿಲ್ಲ. ನನ್ನ ಅಳತೆ ಅಡುಗೆಮನೆಗೆ ಸೇರಿದ್ದು. ಒಲೆಯ ಪಕ್ಕ ಮೀಟರ್ ಕಟ್ಟಿ ಬಂದೆ.

ಮಾರನೆಯ ದಿನ ಮೀಟರ್ ಬಿಚ್ಚಲು ಹೋದಾಗ ಅಳತೆ ನೋಡಿ ಕುಣಿಯುವಂತಾಯಿತು. ಅಂಥ ಶುದ್ಧ ಅಡುಗೆಮನೆ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಂದು ಸಿಕ್ಕಿರಲಿಲ್ಲ. ಆ ಖುಷಿಯಲ್ಲಿ ಮೀಟರ್ ಆಫ್ ಮಾಡುವುದನ್ನು ಮರೆತು ಹೆಗಲಿನ ಚೀಲಕ್ಕೆ ತುರುಕಿಕೊಂಡೆ. ನಡುಮನೆ ದಾಟಿ ಬಾಣಂತಿ ಕೋಣೆಯ ಬಾಗಿಲ ಮುಂದೆ ಬಂದಾಗ ಚೀಲದೊಳಗೆ ಮೀಟರಿನ ಅಲಾರಂ ಕೂಗತೊಡಗಿತು.

ತೆಗೆದು ನೋಡಿದೆ. ಹಳೆಯ ಮೂರುಕಲ್ಲಿನ ಒಲೆಗಳ ಮುಂದೂ ನಾನು ಕಾಣದಿದ್ದಷ್ಟು ದೊಡ್ಡ ಅಂಕಿ ಅದರ ಮೇಲಿತ್ತು. ಮೀಟರ್ ಕೆಟ್ಟಿತು ಅಂದುಕೊಂಡೆ. ಅಂಗಳಕ್ಕೆ ಹೋಗಿ ಸೊನ್ನೆಗೆ ತಂದೆ. ಸುಮ್ಮನಾಯಿತು. ಒಳಗೆ ಬಂದೆ, ಅದೇ ಬಾಗಿಲ ಹತ್ತಿರ ಮತ್ತೆ ಕೂಗಿತು. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ತುರುಕಿದ್ದು ಕಾಣುತ್ತಿತ್ತು. ಆಗಲಾದರೂ ನನ್ನ ತಲೆ ಓಡಬೇಕಿತ್ತು. ನಾನು ಮಾಡಿದ್ದು ಕಚೇರಿಯ ಎಂಜಿನಿಯರಿಗೆ ಫೋನು.

"ಅಡುಗೆಮನೆ ಅಳತೆ ಚೆನ್ನಾಗಿ ಬಂದಿದೆ ತಾನೆ ಮೇಡಂ?" ಅಂದ ಅವನು. "ಅದನ್ನ ಕಳಿಸಿ. ಸೆನ್ಸರ್ ಹೋಗಿರ್ಬೇಕು, ಬೇರೆ ಮೀಟರ್ ಕೊಡ್ತೀನಿ."

ನನಗೂ ಅದೇ ಬೇಕಿತ್ತು. ಮೀಟರ್ ಆಫ್ ಮಾಡಿ, ದೊಡ್ಡಮ್ಮ ಕೊಟ್ಟ ಕಾಫಿ ಹಿಡಿದು ಜಗಲಿಯ ಮೇಲೆ ಕೂತೆ. ಒಳಗೆ ಎರಡು ಜೀವ ಹೋಗುತ್ತಿದ್ದಾಗ ನಾನು ಹೊರಗೆ ಲೋಟ ಹಿಡಿದು ಕೂತಿದ್ದೆ. ಬರೆಯುವಾಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

"ಕೂಸಿನ ಸದ್ದೇ ಇಲ್ವಲ್ಲ ದೊಡ್ಡಮ್ಮ," ಅಂದೆ, ಮಾತಿಗೆ.

"ಚಿನ್ನದಂಥ ಕೂಸು ಕಣವ್ವ. ಬೆಳಗಿಂದ ಅತ್ತೇ ಇಲ್ಲ."

"ಹಾಲು ಕುಡೀತಾ?"

"ಎಬ್ಸಿದ್ರೂ ಏಳ್ನಿಲ್ಲ. ಅವ್ರವ್ವನೂ ಅಂಗೇ ಮಲ್ಗವ್ಳೆ. ಬೆಚ್ಗೈತಲ್ಲ, ನಿದ್ದೆ ಹತ್ತೈತೆ."

ತಲೆನೋವು, ವಾಕರಿಕೆ, ಏಳದ ನಿದ್ದೆ. ತರಬೇತಿಯಲ್ಲಿ ಈ ಮೂರನ್ನೂ ಇದೇ ಸಾಲಿನಲ್ಲಿ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಸರಿಯಾದ ಉತ್ತರ ಬರೆದು ಶಹಬ್ಬಾಸ್ ಅನ್ನಿಸಿಕೊಂಡವಳು ನಾನು. ಲೋಟ ಎಲ್ಲಿ ಇಟ್ಟೆನೋ ಗೊತ್ತಿಲ್ಲ, ಬಾಗಿಲಿಗೆ ಓಡಿದೆ. ದೊಡ್ಡಮ್ಮ ನನಗಿಂತ ಮುಂಚೆ ಅಡ್ಡ ಬಂದು ನಿಂತರು.

"ಅಯ್ಯಯ್ಯೋ, ಏನವ್ವ ನೀನು! ಮೂರೂರು ಸುತ್ಕೊಂಡು ಬಂದಿದೀಯ, ಕಾಲು ತೊಳ್ದಿಲ್ಲ. ಒಳಿಕೆ ಹೋಗ್ಬ್ಯಾಡ, ಗಾಳಿ ಸೋಕ್ತದೆ!"

"ದೊಡ್ಡಮ್ಮ, ಬಾಗಿಲು ಬಿಡಿ. ಆ ಕೆಂಡ ಕೊಲ್ಲುತ್ತೆ."

"ಕೆಂಡದಾಗೆ ಹೊಗೆ ಇಲ್ಲ ಕಣವ್ವ," ಅಂದರು ಅವರು, ನನಗೇ ಮರೆತುಹೋಗಿದೆಯೇನೋ ಎಂಬಂತೆ.

ಅವರನ್ನು ತಳ್ಳಿಕೊಂಡೇ ಒಳಗೆ ಹೋದೆ. ದೇವರಾಣೆ, ಆ ಕೋಣೆಯಲ್ಲಿ ಹೊಗೆ ಇರಲಿಲ್ಲ. ವಾಸನೆಯೂ ಇರಲಿಲ್ಲ. ಕಿಟಕಿಗೆ ಹಳೆಯ ಸೀರೆ ತುರುಕಿದ್ದರು, ಮಂಚದ ಕೆಳಗೆ ಬಾಂಡ್ಲಿಯ ಕೆಂಡ ಬೂದಿ ಹೊದ್ದು ಕೆಂಪಗೆ ಕೂತಿತ್ತು. ಬಾಣಂತಿಯ ಕೆನ್ನೆ ತಟ್ಟಿದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದಳು. ಕೂಸಿನ ತಲೆ ನನ್ನ ಕೈಯಲ್ಲಿ ಜೋಲಿತು. ಸೊಸೆಯನ್ನು ಕೂಗಿದೆ. ನಾನು ಕೂಸನ್ನು, ಅವಳು ತನ್ನ ಗಂಡನ ಜೊತೆ ಸೇರಿ ಬಾಣಂತಿಯನ್ನು ಹೊತ್ತು ಅಂಗಳದ ಹೊಂಗೆ ಮರದ ಕೆಳಗೆ ತಂದೆವು. ತಲೆಗೆ ಕಟ್ಟಿದ ಬಟ್ಟೆಯಿಲ್ಲ, ಕಿವಿಯಲ್ಲಿ ಹತ್ತಿಯಿಲ್ಲ, ಮಾಗಿಯ ಗಾಳಿಗೆ ಹಸಿ ಬಾಣಂತಿ. ಸೇರಿದ ಹೆಂಗಸರು ಬಾಯಿ ಬಾಯಿ ಬಡಿದುಕೊಂಡರು. ದೊಡ್ಡಮ್ಮ ಮಾತ್ರ ಕೈಯನ್ನು ಸೆರಗಿಗೆ ಒರೆಸುತ್ತ, ಒರೆಸುತ್ತ ನಿಂತೇ ಇದ್ದರು.

ಆಂಬುಲೆನ್ಸ್ ಬಂತು. ದಾರಿಯಲ್ಲೇ ಆಮ್ಲಜನಕ ಹಾಕಿದರು. ಮಧುಗಿರಿಯ ಆಸ್ಪತ್ರೆಗೆ ತಲುಪಿದ ಮೇಲೂ ಬಹಳ ಹೊತ್ತು ಕೂಸು ಸುಮ್ಮನಿತ್ತು. ನಾನು ವಾರ್ಡಿನ ಬಾಗಿಲ ಹತ್ತಿರ ನಿಂತು, ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತೆ. ಕೊನೆಗೂ ಅದು ಅತ್ತಿತು. ಕೀರಲು ಅಳು, ಹಸಿವಿನ ಅಳು. ಅದನ್ನು ಕೇಳಿ ದೊಡ್ಡಮ್ಮ ನೆಲದ ಮೇಲೆ ಕುಸಿದು ಕೂತರು. ಅಷ್ಟು ಹೊತ್ತಿಗೆ ಶಿರಾದಿಂದ ಅಳಿಯನೂ ಅವನ ತಾಯಿಯೂ ಬಂದಿದ್ದರು. ಡಾಕ್ಟರು ಹೊರಗೆ ಬಂದು ಇಬ್ಬರಿಗೂ ಜೀವಕ್ಕೆ ಅಪಾಯವಿಲ್ಲ ಎಂದರು. ಆಮೇಲೆ ಕನ್ನಡಕದ ಮೇಲಿಂದ ನಮ್ಮನ್ನೆಲ್ಲ ನೋಡಿ ಕೇಳಿದರು.

"ಕೆಂಡ ಇಟ್ಟು ಬಾಗಿಲು ಕಿಟಕಿ ಎಲ್ಲ ಮುಚ್ಚಿದ್ದು ಯಾರು? ಯಾರ ಬುದ್ಧಿ ಇದು?"

"ನಾನೇ ಸ್ವಾಮಿ," ಅಂದರು ದೊಡ್ಡಮ್ಮ, ಕೂತಲ್ಲಿಂದಲೇ.

ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನು ಉಳಿಸಬೇಕೆಂದು ಹಾಗಂದರೋ ಎಂದರೆ ಅದೂ ಅಲ್ಲ. ತಪ್ಪು ನನ್ನದಿರಬಹುದು ಎಂಬುದು ಅವರ ಮನಸ್ಸಿಗೇ ಬಂದಿರಲಿಲ್ಲ. ಬೀಗಿತ್ತಿ ಎರಗಿ ಬಂದರು.

"ತವರಿಗೆ ಕಳ್ಸಿದ್ದು ಬಾಣಂತನಕ್ಕೆ, ಬದುಕಿರೋರಿಗೆ ಕೊಳ್ಳಿ ಇಡೋಕಲ್ಲ! ಊರ್ನೋರ್ ಮಕ್ಳಿಗೆಲ್ಲ ಎರೀತಾಳಂತೆ. ಇನ್ಮ್ಯಾಲೆ ನಮ್ ಕೂಸ್ನ ನಿನ್ ಕೈಗೆ ಕೊಡಲ್ಲ. ಬಿಲ್ಕುಲ್ ಕೊಡಲ್ಲ. ಆಸ್ಪತ್ರೆಯಿಂದ ಸೀದಾ ನಮ್ಮೂರಿಗೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲಿನ ಚೀಲ ಸರಿಮಾಡಿಕೊಂಡೆ. ಊರೂರಿನಲ್ಲಿ ಚಪ್ಪಾಳೆ ಗಿಟ್ಟಿಸುತ್ತಿದ್ದ ಬಾಯಿ ಅದು, ಅಂದು ಒಂದು ಅಕ್ಷರ ಆಚೆ ಬರಲಿಲ್ಲ. ಆಗ ಹೇಳೋಣ, ಈಗ ಹೇಳೋಣ ಅಂದುಕೊಳ್ಳುತ್ತಿರುವಾಗಲೇ ಬೀಗಿತ್ತಿ ನನ್ನ ಕಡೆ ತಿರುಗಿದರು. "ನೀವು ದೇವ್ರು ಬಂದಂಗೆ ಬಂದ್ರಿ ತಾಯಿ," ಎಂದು ಅಷ್ಟು ಜನರ ಮುಂದೆ ನನ್ನ ಕಾಲಿಗೆ ಬಿದ್ದರು. ನಾನು ಅವರನ್ನು ಎಬ್ಬಿಸಿ, ಸಮಾಧಾನ ಮಾಡಿಕೊಳ್ಳಿ ಎಂದು ಬೆನ್ನು ಸವರಿದೆ.

ಕಚೇರಿಯಲ್ಲಿ ಹಬ್ಬವೋ ಹಬ್ಬ. ನಮ್ಮ ಮೀಟರಿನ ದೆಸೆಯಿಂದ ಎರಡು ಜೀವ ಉಳಿಯಿತು ಎಂದು ವರದಿ ತಯಾರಾಯಿತು. ಹಳೆಯ ಪದ್ಧತಿಗಳ ಅಪಾಯ ಎಂಬುದು ಅದರ ತಲೆಬರಹ. ನಾನು ಮುಖ್ಯಸ್ಥರಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ಪದ್ಧತಿ ಹಳೆಯದೇ, ನಿಜ. ಆದರೆ ಹಿಂದೆ ದೊಡ್ಡಮ್ಮ ಲೋಬಾನ ಹಾಕಿದಾಗ ಕಣ್ಣು ಉರಿದು ತಾವೇ ಕಿಟಕಿ ತೆಗೆಯುತ್ತಿದ್ದರೆಂದು ಸೊಸೆ ಹೇಳಿದ್ದಳು. ನನ್ನ ಮಾತು ಕೇಳಿ ಲೋಬಾನ ಬಿಟ್ಟರು, ಕೆಂಡ ಹೆಚ್ಚಿಸಿದರು, ಕಿಟಕಿ ತೆಗೆಯುವ ಅಗತ್ಯವೇ ಕಾಣದೆ ಮುಚ್ಚಿದರು ಎಂದೆ.

ಮುಖ್ಯಸ್ಥರು "ಆ ಮಾತು ನಮ್ಮ ಪಾಠದಲ್ಲಿ ಇಲ್ವಲ್ಲ?" ಎಂದು ಕೇಳಿದರು.

"ಇಲ್ಲ ಸಾರ್. ನಂದು."

"ಹಾಗಾದ್ರೆ ಇನ್ಮೇಲೆ ಹೇಳ್ಬೇಡಿ," ಅಂದರು. ಅಲ್ಲಿಗೆ ಮುಗಿಯಿತು. ಮುಗಿಯಿತಲ್ಲ ಎಂದು ನನಗೆ ಹಾಯೆನಿಸಿದ್ದನ್ನೂ ಬಚ್ಚಿಡುವುದಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದ ಮಾತನ್ನು ಹೆಕ್ಕಿಕೊಂಡು ಬರಲು ನಾನು ಮತ್ತೆ ನಾಲ್ಕೂ ತಾಲ್ಲೂಕು ಸುತ್ತಿದೆ. ಸುತ್ತಿದ್ದೂ ಕಳ್ಳಿಯ ಹಾಗೆ. ಮೊದಲು ಹೇಳಿದ್ದು ತಪ್ಪು ಎನ್ನದೆ, ಹೊಸದಾಗಿ ಏನೋ ಸೇರಿಸುವವಳಂತೆ, ಕೆಂಡ ಇದ್ದಲ್ಲಿ ಕಿಟಕಿ ತೆರೆದಿರಲಿ, ಬಾಣಂತಿ ಕೋಣೆಯಲ್ಲಿ ಕೆಂಡ ಬೇಡ, ಬಿಸಿನೀರಿನ ಬಾಟಲಿ ಬಟ್ಟೆ ಸುತ್ತಿ ಇಡಿ ಎಂದು ಹೇಳುತ್ತ ಹೋದೆ. ತಿರುಮಣಿ ಕಡೆಯ ಒಬ್ಬ ಹೆಂಗಸು ಮೊದಲಿನಿಂದಲೂ ನನ್ನ ಸಭೆಗೆ ತಪ್ಪದೆ ಬರುವವಳು. ಹುಬ್ಬು ಗಂಟಿಕ್ಕಿಕೊಂಡು ಎಲ್ಲ ಕೇಳಿ ಎದ್ದು ನಿಂತಳು.

"ಮುಂಚೆ ಒಕಟಿ ಚೆಪ್ಪಿನಾವು, ಈಗ ಇನ್ನೊಂದು. ಯಾವ್ದು ನಿಜ ಮೇಡಮ್ಮ? ನಾವು ಯಾವ್ದು ನಂಬ್ಬೇಕು?"

ಏನೋ ಹಾರಿಕೆಯ ಉತ್ತರ ಕೊಟ್ಟೆ. ಬಸ್ಸಿನಲ್ಲಿ ಕೂತ ಮೇಲೆ, ದಾರಿ ಪಕ್ಕದ ಸೋಲಾರ್ ಪಾರ್ಕಿನ ಹಲಗೆಗಳ ಸಾಲು ಮುಗಿಯುವವರೆಗೂ ಅವಳ ಮುಖವೇ ಕಣ್ಣ ಮುಂದೆ. ಅಲ್ಲಿಂದ ಬಂದವಳು ಮಾರನೆಯ ದಿನ ದೊಡ್ಡಮ್ಮನ ಮನೆಗೆ ಹೋದೆ. ಆಸ್ಪತ್ರೆಯ ಆ ದಿನದ ನಂತರ ಅತ್ತ ತಲೆ ಹಾಕಿರಲಿಲ್ಲ.

ದೊಡ್ಡಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಒಲೆಯ ಮುಂದೆ ಸೊಸೆ ಇದ್ದಳು. ಅತ್ತೆ ಈಗ ಒಲೆ ಹತ್ತಿರವೇ ಬರುವುದಿಲ್ಲ ಎಂದು ಅವಳು ಸನ್ನೆಯಲ್ಲೇ ತಿಳಿಸಿದಳು. ಮಗಳು, ಕೂಸು ಶಿರಾಕ್ಕೆ ಹೋಗಿದ್ದರು. ಕೂಸನ್ನು ನೋಡಲೆಂದು ಅಲ್ಲಿಗೆ ಹೋಗಿದ್ದ ದೊಡ್ಡಮ್ಮನನ್ನು ಬೀಗಿತ್ತಿ ನಡುಮನೆಯಲ್ಲೇ ಕೂರಿಸಿ, ದೂರದಿಂದ ತೋರಿಸಿ ಕಳಿಸಿದ್ದರಂತೆ. ನಾವು ಮಾತಾಡುತ್ತಿರುವಾಗ ಪಕ್ಕದ ಮನೆಯ ಬಚ್ಚಲಿನಿಂದ ಎಳೆಗೂಸೊಂದು ಕಿರುಚಿ ಅಳುವುದು ಕೇಳಿಸಿತು. ದೊಡ್ಡಮ್ಮನ ಕೈ ನಿಂತಿತು.

"ನೀರು ಜಾಸ್ತಿ ಕಾದೈತೆ ಕಣವ್ವ. ಅಳು ಕೇಳಿದ್ರೇ ಗೊತ್ತಾಯ್ತದೆ."

"ಹೋಗಿ ಹೇಳ್ಬಾರ್ದಾ ದೊಡ್ಡಮ್ಮ? ನೀವೇ ತಾನೆ ಎರೀತಿದ್ದದ್ದು?"

"ಯಾವ ಮಕ ಮಡೀಕೊಂಡು ಹೋಗ್ಲಿ? ಹೆತ್ತ ಮಗಳ್ನೇ ಕೊಲ್ಲೋಕೆ ಹೋದೋಳ ಕೈಗೆ ಯಾರು ಕೂಸು ಕೊಟ್ಟಾರು?" ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ತಿರುಗಿಸಿ ನೋಡಿಕೊಂಡರು. "ಈ ಕೈಗೆ ಏನಾಯ್ತೋ ಕಾಣೆ. ನೀನು ಬರ್ದೇ ಇದ್ದಿದ್ರೆ ಎರಡೂ ಹೋಗಿದ್ವು. ನಿನ್ ಹೊಟ್ಟೆ ತಣ್ಣಗಿರ್ಲಿ."

ದೊಡ್ಡಮ್ಮ, ಅದು ನಿಮ್ಮಿಂದಲ್ಲ ಎಂದು ಬಾಯಿ ತೆಗೆದೆ. ಅವರು ತಲೆಯಾಡಿಸಿ, ಸಮಾಧಾನಕ್ಕೆ ಹೇಳ್ತೀಯ ಬುಡು ಅಂದುಬಿಟ್ಟರು. ಅದು ಸರಿಯೇ. ಗುಟ್ಟಾಗಿ ಅವರ ಕಿವಿಯಲ್ಲಿ ಹೇಳಿದರೆ ಅದು ಸಮಾಧಾನವೇ ಆಗುತ್ತಿತ್ತು. ಅವರನ್ನು ಬಯ್ದದ್ದು ಹತ್ತು ಜನರ ಮುಂದೆ, ಕೂಸನ್ನು ಕಿತ್ತುಕೊಂಡು ಹೋದವರು ಇದ್ದದ್ದು ಶಿರಾದಲ್ಲಿ. ಹಿಂತಿರುಗಿ ಹೊರಟಾಗ ಮಧುಗಿರಿಯಲ್ಲಿ ಮನೆಯ ದಾರಿ ಹಿಡಿಯದೆ ಶಿರಾ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಬೀಗಿತ್ತಿ ಮನೆಯಲ್ಲಿ ಇರದಿದ್ದರೆ ಚೆನ್ನಾಗಿತ್ತು ಎಂದು ಒಂದು ಮನಸ್ಸು ಬೇಡುತ್ತಲೇ ಇತ್ತು.

ಮನೆಯಲ್ಲಿದ್ದರು. ದೇವರೇ ಬಂದ ಹಾಗಾಯಿತು ಎಂದು ಬೀಗಿತ್ತಿ ಚಾಪೆ ಹಾಸಿ, ಗ್ಯಾಸ್ ಹಚ್ಚಿ ಕಾಫಿ ಕಾಯಿಸಿದರು. ಒಳಕೋಣೆಯ ಬಾಗಿಲು, ಕಿಟಕಿ ಎರಡೂ ತೆರೆದಿದ್ದವು. ತೊಟ್ಟಿಲ ಹಗ್ಗದ ಕಿರ್ರೆನ್ನುವ ಸದ್ದು ಬರುತ್ತಿತ್ತು. ಕಾಫಿ ಮುಟ್ಟದೆ ಎಲ್ಲ ಹೇಳಿದೆ. ಪಾಠದಲ್ಲಿ ಕೆಂಡದ ಮಾತು ಇದ್ದದ್ದು, ಅದನ್ನು ನಾನು ಕತ್ತರಿಸಿದ್ದು, ಚಪ್ಪಾಳೆಗಾಗಿ ಒಂದು ಮಾತು ಕಟ್ಟಿದ್ದು, ಎಲ್ಲ.

"ಅದೇನೇ ಅನ್ನಿ, ಕೆಂಡ ಇಟ್ಟಿದ್ದು ಅವ್ಳೇ ತಾನೆ?" ಅಂದರು ಬೀಗಿತ್ತಿ.

"ಇಟ್ಟಿದ್ದು ಅವ್ರೇ. ಇಟ್ರೆ ಭಯ ಇಲ್ಲ ಅಂತ ಹೇಳಿದ್ದು ನಾನು. ಇಟ್ಟಿದ್ದನ್ನ ಕಣ್ಣಾರೆ ನೋಡಿ ಶಭಾಷ್ ಅಂದಿದ್ದೂ ನಾನೇ." ಫೋನ್ ತೆಗೆದು ಫೋಟೊ ತೋರಿಸಿದೆ. ಬಾಂಡ್ಲಿ ಹಿಡಿದು ನಾಚುತ್ತಿದ್ದ ದೊಡ್ಡಮ್ಮ.

ಬೀಗಿತ್ತಿ ಅದನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಅವತ್ತು ನಾನು ನಿಮ್ ಕಾಲಿಗೆ ಬಿದ್ನಲ್ಲ?"

"ಬಿದ್ರಿ."

"ಸುಮ್ನೆ ಬೀಳಿಸ್ಕೊಂಡ್ರಲ್ಲ ತಾಯಿ."

ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ. ತೊಟ್ಟಿಲ ಸದ್ದು ಯಾವಾಗಲೋ ನಿಂತಿತ್ತು. ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಣಂತಿ ಬಾಗಿಲಲ್ಲಿ ಬಂದು ನಿಂತಿದ್ದಳು. ನಾನು ಅವಳ ದನಿ ಕೇಳಿದ್ದು ಅದೇ ಮೊದಲು.

"ನಂಗೆ ಎಚ್ರ ಇತ್ತು ಅಕ್ಕ, ಆಸ್ಪತ್ರೇಲಿ. ಅವ್ವನ್ನ ಬೈತಿದ್ದಾಗ ನೀವು ಅಲ್ಲೇ ಬಾಗ್ಲಲ್ಲಿ ನಿಂತಿದ್ರಿ. ಕೆಂಡ ಮಡುಗೋವಾಗ್ಲೆಲ್ಲ 'ಮೇಡಮ್ಮ ಹೇಳವ್ರೆ' ಅಂತಿತ್ತು ಅವ್ವ. ಈಗ ಹೇಳ್ತೀರಾ, ಈಗ ಹೇಳ್ತೀರಾ ಅಂತ ಕಾದೆ. ಮೂತಿಗೆ ಅದೇನೋ ಹಾಕಿದ್ರು, ನಂಗೆ ಮಾತಾಡಕಾಗ್ಲಿಲ್ಲ. ಆಮ್ಯಾಕೆ ಇಲ್ಲಿ ಬಂದು ಹೇಳಿದ್ರೆ, ಮಗಳಲ್ವಾ, ಅವ್ವನ ಪರ ಮಾತಾಡ್ತಾಳೆ ಅಂದ್ರು."

ಬೀಗಿತ್ತಿ ಸೊಸೆಯ ಕಡೆ ನೋಡಲಿಲ್ಲ. ತಪ್ಪಾಯಿತು ಎಂದೆ. ಬಾಣಂತಿ ತನ್ನ ಫೋನಿನಲ್ಲಿ ನಂಬರ್ ಒತ್ತಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ, ನನ್ನ ಮುಂದೆ ಚಾಪೆಯ ಮೇಲೆ ಇಟ್ಟಳು.

"ನೀವೇ ಹೇಳಿ ಅವ್ವಂಗೆ. ಅತ್ತೇನೂ ಕೇಳಿಸ್ಕೊಳ್ಳಿ."

"ಯಾರು? ಕೂಸು ಹೆಂಗೈತವ್ವ?" ದೊಡ್ಡಮ್ಮನ ದನಿ ಗಾಬರಿಯಿಂದ ಬಂತು.

ಕೂಸು ಚೆನ್ನಾಗಿದೆ ಎಂದು, ನಾನು ಯಾರು, ಎಲ್ಲಿ ಕೂತಿದ್ದೇನೆ, ಯಾರು ಯಾರು ಕೇಳುತ್ತಿದ್ದಾರೆ ಎಂದು ಹೇಳಿದೆ. ಆಮೇಲೆ ಇಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ. ಕೆಂಡದ ಸಂಗತಿ ನನಗೆ ಮೊದಲೇ ಗೊತ್ತಿತ್ತು, ನಿಮಗೆ ಹೇಳಲಿಲ್ಲ, ನನ್ನ ಮಾತು ನಂಬಿ ನೀವು ಹಾಗೆ ಮಾಡಿದಿರಿ ಎಂದೆ. ಫೋನ್ ಕಟ್ಟಾಯಿತೇನೋ ಎಂದು ಬಾಣಂತಿ ಬಗ್ಗಿ ನೋಡಿದಳು.

"ಅಂಗಾರೆ," ಅಂದರು ದೊಡ್ಡಮ್ಮ ಕೊನೆಗೆ, ತೀರ ಸಣ್ಣ ದನಿಯಲ್ಲಿ, "ನನ್ ಕೈಯಿಂದ ಅಲ್ವಾ?"

"ಅಲ್ಲ ದೊಡ್ಡಮ್ಮ."

"ನನ್ ಕೈ ಕೆಟ್ಟದ್ದಲ್ವಾ?"

"ಅಲ್ಲ ದೊಡ್ಡಮ್ಮ. ಕೆಟ್ಟದ್ದು ನನ್ನ ಮಾತು."

ಬೀಗಿತ್ತಿ ಸೆರಗಿನಿಂದ ಮೂಗು ಒರೆಸಿಕೊಂಡರು. ಫೋನಿನಲ್ಲಿ ಉಸಿರು ಎಳೆದುಕೊಳ್ಳುವುದು, ಮೊರದಿಂದ ಅವರೆಕಾಳು ಚೆಲ್ಲುವುದು ಕೇಳಿಸಿತು.

"ತಡಿ, ಕಟ್ ಮಾಡ್ಬ್ಯಾಡ ಕಣವ್ವ," ಅಂದರು ದೊಡ್ಡಮ್ಮ. "ಸೊಸೇನ ಕರೀತೀನಿ. ಪಕ್ಕದ್ಮನೆಯೋರ್ನೂ ಕರೀತೀನಿ. ಇನ್ನೊಂದು ಸಲ ಹೇಳು."

ಫೋನ್ ಹಿಡಿದೇ ಅವರು ಬೀದಿಗಿಳಿದು ಒಬ್ಬೊಬ್ಬರನ್ನೇ ಕೂಗುವುದು ಶಿರಾದ ಆ ನಡುಮನೆಗೆಲ್ಲ ಕೇಳಿಸುತ್ತಿತ್ತು. ನಾನು ಕಾದೆ. ಬಂದವರಿಗೆಲ್ಲ ಮತ್ತೆ ಮೊದಲಿನಿಂದ ಹೇಳಿದೆ.